ಎರಡು ಡಿಗ್ರಿ ಇಳಿಜಾರು

ಮಟ್ಟದಮ್ಮನಿಗೆ ಆ ಹೆಸರು ಬಂದದ್ದು ಅವಳ ಸೊಂಟದಲ್ಲಿ ಸದಾ ತೂಗುವ ಮೂಲೆಮಟ್ಟದಿಂದ. ಎರಡು ಉಕ್ಕಿನ ಪಟ್ಟಿಗಳನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ಸೇರಿಸಿದ ಗೇಣುದ್ದದ ಸಾಧನ ಅದು. ಬೇರೆ ಹೆಂಗಸರು ಬೀಗದ ಕೈಗೊಂಚಲು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅದನ್ನು ಸಿಕ್ಕಿಸಿಕೊಂಡು ಅವಳು ಮೂವತ್ತಾರು ವರ್ಷ ತಗಡಿನ ಕೆಲಸ ಮಾಡಿದ್ದಳು. ಛಾವಣಿ, ಹೊಗೆಗೂಡು, ನೀರಿನ ತೊಟ್ಟಿ, ದೋಣಿಗಳ ರಿಪೇರಿ, ಏನೇ ಆಗಲಿ, ಅವಳ ಕೈಯಿಂದ ಬಂದ ಮೂಲೆಗೆ ಇನ್ನೊಬ್ಬರು ಮಟ್ಟ ಹಿಡಿದು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಅವಳ ಗಂಡ, ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು, ಮನೆಗೆ ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದ. ಮದುವೆಗೆ ಮುಂಚೆ ಇವಳು ನನ್ನ ಹೆಗಲಿಗೂ ಮಟ್ಟ ಹಿಡಿದು ನೋಡಿದಳು, ಎಡಗಡೆ ಸೊಟ್ಟ ಅಂತ ಗೊತ್ತಾಗಿಯೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡಳು ಎಂದು. ಬಂದವರು ನಗುತ್ತಿದ್ದರು. ಮಟ್ಟದಮ್ಮ ಮಾತ್ರ, ಆ ಸೊಟ್ಟ ಈಗಲೂ ಹಾಗೇ ಇದೆ ಎನ್ನುವಂತೆ ಅವನ ಹೆಗಲನ್ನೊಮ್ಮೆ ನೋಡುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಮಾತು ಕಲಿತಾಗಿನಿಂದ ಪ್ರತಿಯೊಂದಕ್ಕೂ ‘ಯಾಕೆ’ ಎಂದು ಕೇಳಿ ಕೇಳಿ, ತಗಡಿನಂಗಡಿಯ ಕೆಲಸಗಾರರ ಬಾಯಲ್ಲಿ ಅವಳ ಹೆಸರೇ ಯಾಕಮ್ಮ ಎಂದಾಗಿತ್ತು. ಈಗ ಅವಳಿಗೆ ಮೂವತ್ತೊಂದು. ನದಿಯಾಚೆಯ ಪ್ರಯೋಗಾಲಯದಲ್ಲಿ ಕೆಲಸ. ಆ ಕೆಲಸ ಏನೆಂದು ತಿಳಿಯಲು ತಾಯಿಗೆ ಎರಡು ವರ್ಷ ಹಿಡಿಯಿತು. ಕೊನೆಗೆ ಒಂದು ಭಾನುವಾರ, ತಾಯಿ ಪಾತ್ರೆ ತೊಳೆಯುತ್ತ ಮಗಳು ಒರೆಸುತ್ತ ನಿಂತಿದ್ದಾಗ ಅದು ತಲೆಗೆ ಹೋಯಿತು.

“ಕತ್ತಲೆ ಕೋಣೇಲಿ ಏನೋ ಒಂದು ಸಾಮಾನಿದೆ ಅಂದ್ಕೋ” ಎಂದಿದ್ದಳು ಮಗಳು. “ನೀನು ಬಾಗಿಲಲ್ಲಿ ನಿಂತು ಒಂದು ಬುಟ್ಟಿ ಚೆಂಡು ಒಳಗೆ ಎಸೀತೀಯ. ಕೆಲವು ಆಚೀಚೆ ಹೋಗ್ತವೆ. ಕೆಲವು ಒಂದು ಕಡೆ ತಾಗಿ, ಇನ್ನೊಂದು ಕಡೆ ತಾಗಿ, ವಾಪಸ್ ನಿನ್ನ ಕೈಗೇ ಬರ್ತವೆ. ಎಷ್ಟು ಬಂತು ಅನ್ನೋದ್ರ ಮೇಲೆ ಒಳಗೇನಿದೆ ಅಂತ ಹೇಳೋದು ರಾಡಾರ್. ಏನನ್ನೂ ಎಸೀದೇನೇ, ಎಸೆದ್ರೆ ಎಷ್ಟು ವಾಪಸ್ ಬರುತ್ತೆ ಅಂತ ಮೊದಲೇ ಹೇಳೋದು ನಾನು.”

ಚೆಂಡುಗಳ ಜಾಗದಲ್ಲಿ ಅಲ್ಲಿರುವುದು ರೇಡಿಯೋ ಅಲೆ. ಅಲೆ ದೊಡ್ಡದಾದರೆ ವಸ್ತುವನ್ನು ಸುತ್ತಿ ಬಳಸಿ ಹೋಗುತ್ತದೆ, ಬಹಳ ಸಣ್ಣದಾದರೆ ಬೆಳಕಿನ ಹಾಗೆ ನೇರ ಹೋಗಿ ಪುಟಿಯುತ್ತದೆ. ಮಗಳದ್ದು ಆ ಸಣ್ಣ ಅಲೆಯ ಲೆಕ್ಕ. ದೋಣಿಯನ್ನೋ ಲಾರಿಯನ್ನೋ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಪುಟ್ಟ ತ್ರಿಕೋನಗಳಾಗಿ ಕತ್ತರಿಸಿ, ಅದರ ಮೇಲೆ ಕೋಟಿಗಟ್ಟಲೆ ಕಿರಣಗಳನ್ನು ಎಸೆದು, ಒಂದೊಂದೂ ಎಲ್ಲಿ ತಾಗಿ ಎತ್ತ ಹೋಯಿತೆಂದು ಹಿಂಬಾಲಿಸುವುದು. ಹಾಗಾದರೆ ನೀನೂ ತಗಡಿನ ಕೆಲಸವೇ ಮಾಡೋದು ಅನ್ನು ಎಂದಳು ತಾಯಿ. ಮಗಳು ನಕ್ಕಳು. ಒರೆಸಿದ ಎರಡು ತಟ್ಟೆಗಳನ್ನು ಮೇಜಿನ ಮೇಲೆ ಎಲ್ ಆಕಾರದಲ್ಲಿ ನಿಲ್ಲಿಸಿ, ಎರಡು ತಗಡು ಸರಿಯಾಗಿ ತೊಂಬತ್ತಕ್ಕೆ ಸೇರಿದ ಮೂಲೆಗೆ ಬಿದ್ದ ಕಿರಣ ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಹಿಂದಿರುಗುತ್ತದೆ, ರಾಡಾರಿಗೆ ಅಂಥ ಮೂಲೆ ಉರಿವ ದೀಪವಿದ್ದಂತೆ ಎಂದು ತೋರಿಸಿದಳು. ತಾಯಿಗೆ ಆ ಮಾತು ಬಹಳ ಹಿಡಿಸಿತು. ಅಷ್ಟು ವರ್ಷ ತಾನು ಮಾಡಿದ ಮೂಲೆಗಳೆಲ್ಲ ಊರಿನ ಛಾವಣಿಗಳ ಮೇಲೆ ಕಣ್ಣಿಗೆ ಕಾಣದಂತೆ ಬೆಳಗುತ್ತಿವೆ ಎಂದು ಅವಳು ಅಂದುಕೊಂಡಳು. ಯಾರಿಗೂ ಹೇಳಲಿಲ್ಲ.

ಮಗಳ ನಾಲ್ಕು ವರ್ಷದ ದುಡಿಮೆಗೆ ಪರೀಕ್ಷೆ ಬಂದದ್ದು ಬಂದರಿನಿಂದ. ಬಂದರಿನ ಬಾಯಲ್ಲಿ ಗುಡ್ಡದ ಮೇಲೆ ಒಂದು ರಾಡಾರ್ ಇದೆ. ದೊಡ್ಡ ಹಡಗುಗಳಿಗೆ ದಾರಿ ಹೇಳುವುದು ಅದೇ. ಹಿಂದಿನ ಚಳಿಗಾಲದಲ್ಲಿ ಮಂಜು ಕವಿದ ಬೆಳಗ್ಗೆ ಒಂದು ಹಡಗು ಅಲ್ಯೂಮಿನಿಯಂ ದೋಣಿಯೊಂದನ್ನು ಸೀಳಿಕೊಂಡು ಹೋಗಿತ್ತು. ದೋಣಿಯಲ್ಲಿದ್ದ ಇಬ್ಬರು ಬದುಕಿಕೊಂಡರು. ಆದರೆ ಅಷ್ಟು ಹತ್ತಿರವಿದ್ದ ದೋಣಿ ರಾಡಾರಿನ ಪರದೆಯ ಮೇಲೆ ಕಾಣಲೇ ಇಲ್ಲ ಯಾಕೆ ಎನ್ನುವ ಪ್ರಶ್ನೆ ಉಳಿಯಿತು. ಬಂದರಿನಲ್ಲಿ ಇನ್ನೂರಕ್ಕೂ ಮಿಕ್ಕಿ ದೋಣಿಗಳಿವೆ, ಹನ್ನೊಂದು ನಮೂನೆ. ಯಾವ ನಮೂನೆಯ ದೋಣಿ ಯಾವ ಮಗ್ಗುಲಿಂದ ಕಾಣುವುದಿಲ್ಲ ಎಂದು ತಿಳಿದರೆ ಅಲ್ಲಿ ಅಲೆಯನ್ನು ರಾಡಾರಿಗೆ ಮರಳಿಸುವ ಒಂದು ಪ್ರತಿಫಲಕ ಕೂರಿಸಬಹುದು. ಎಲ್ಲವನ್ನೂ ಅಳೆಯುವುದು ಆಗದ ಮಾತು. ಲೆಕ್ಕದಿಂದಲೇ ಹೇಳುತ್ತೇವೆ ಎಂದಿತು ಮಗಳ ತಂಡ. ತಂಡ ಎಂದರೆ ಮೂರು ಜನ.

ಲೆಕ್ಕವನ್ನು ನಂಬುವುದು ಹೇಗೆ? ಅದಕ್ಕೆ ಪ್ರಯೋಗಾಲಯದ ಮುಖ್ಯಸ್ಥ ಒಂದು ಕಟ್ಟುನಿಟ್ಟಿನ ಕ್ರಮ ಇಟ್ಟಿದ್ದ. ಒಂದು ದೋಣಿಯನ್ನು ಹತ್ತನೇ ಒಂದು ಅಳತೆಯಲ್ಲಿ ತಗಡಿನಲ್ಲಿ ಮಾಡಿಸಬೇಕು. ಅಲೆಯನ್ನೂ ಹತ್ತು ಪಟ್ಟು ಸಣ್ಣದು ಮಾಡಿ, ಮಾದರಿಯನ್ನು ಕಪ್ಪು ಕೋಣೆಯಲ್ಲಿ ಕಂಬದ ಮೇಲಿಟ್ಟು ತಿರುಗಿಸುತ್ತ ಅಳೆಯಬೇಕು. ಅಳತೆಗೆ ಮುಂಚೆಯೇ ಮಗಳು ತನ್ನ ಲೆಕ್ಕವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟಿರಬೇಕು. ಲೆಕ್ಕದ ಗೆರೆಯೂ ಅಳತೆಯ ಗೆರೆಯೂ ಹೊಂದಿದರೆ ಹನ್ನೊಂದು ನಮೂನೆಯ ಕೆಲಸವೂ ತಂಡದ್ದು. ಹೊಂದದಿದ್ದರೆ ಬಂದರಿನವರು ಹೊರಗಿನವರ ಲೆಕ್ಕ ತರಿಸಿಕೊಳ್ಳುತ್ತಾರೆ, ಮೂವರ ತಂಡ ಮುಚ್ಚುತ್ತದೆ, ಮಗಳು ಯಾವುದಾದರೂ ಬೇರೆ ವಿಭಾಗದಲ್ಲಿ ಯಾರದೋ ಕೈಕೆಳಗೆ ಹೋಗಿ ಕೂರಬೇಕು.

ಮಾದರಿ ಮಾಡಲು ಮುಖ್ಯಸ್ಥ ಹುಡುಕಿಕೊಂಡು ಬಂದದ್ದು ಮಟ್ಟದಮ್ಮನ ಅಂಗಡಿಗೆ. ಸಂಬಂಧಿಕರಿಗೆ ಕೊಡುವುದು ಬೇಡ ಎಂದು ಮಗಳೇ ತಡೆದಿದ್ದಳಂತೆ. ಅರ್ಧ ಮಿಲಿಮೀಟರ್ ತಗಡನ್ನು ನೆಟ್ಟಗೆ ಮಡಿಸುವ ಇನ್ನೊಂದು ಕೈ ತೋರಿಸು, ಅಲ್ಲಿಗೇ ಹೋಗುತ್ತೇನೆ ಎಂದನಂತೆ ಮುಖ್ಯಸ್ಥ. ಆದರೆ ಒಂದು ಷರತ್ತು. ಅಳತೆ ಮುಗಿಯುವ ತನಕ ತಾಯಿ ಮಗಳು ಈ ದೋಣಿಯ ವಿಷಯ ತುಟಿ ಬಿಚ್ಚಬಾರದು.

ಆರು ವಾರ ಆ ಮನೆಯ ಊಟದ ಮೇಜಿನ ಮೇಲೆ ಹವಾಮಾನ, ಪಕ್ಕದ ಮನೆಯ ನಾಯಿ, ಅಪ್ಪನ ಮಂಡಿನೋವು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಮಂಡಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ ಎಂದ ಅಪ್ಪ. ಅಂಗಡಿಯಲ್ಲಿ ತಾಯಿ ನಕ್ಷೆಯನ್ನು ಗೋಡೆಗೆ ಅಂಟಿಸಿ, ಕೌದಿ ಹೊಲಿಯುವವಳ ಹಾಗೆ ಒಂದೊಂದೇ ತುಂಡು ಕೂಡಿಸಿದಳು. ತೊಂಬತ್ತು ಸೆಂಟಿಮೀಟರ್ ಉದ್ದದ ದೋಣಿ. ಮುಂದೆ ಚಾಲಕನ ಗೂಡು, ಅದರ ಹಿಂಗೋಡೆಯಿಂದ ದೋಣಿಯ ಹಿಂತುದಿಯವರೆಗೆ ಬಲೆ ಎಳೆಯುವ ಡೆಕ್ಕು. ಮುಗಿದ ಮೇಲೆ ಪ್ರಯೋಗಾಲಯದವರು ಬಂದು ಉದ್ದ, ಅಗಲ, ಎತ್ತರ ಎಲ್ಲ ಅಳೆದರು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮೂಲೆಗಳನ್ನು ಅಳೆಯಲಿಲ್ಲ. ಮಟ್ಟದಮ್ಮನ ಮೂಲೆ ಅಳೆಯುವಷ್ಟು ಧೈರ್ಯ ಯಾರಿಗಿದೆ ಎಂದು ತಮಾಷೆ ಮಾಡಿ, ಮಾದರಿಯನ್ನು ಹತ್ತಿಯಲ್ಲಿ ಸುತ್ತಿ ಒಯ್ದರು.

ಸೋಮವಾರ ಅಳತೆಯಾಯಿತು. ಆ ಸಂಜೆ ಮಗಳು ಮನೆಗೆ ಬಂದಾಗ ಅವಳ ಮುಖ ಬಾಡಿ ಅಂಗೈಯಗಲ ಆಗಿತ್ತು. ಷರತ್ತು ಮುಗಿದಿತ್ತು. ತಾಯಿ ಕೆದಕಲಿಲ್ಲ. ಒಗೆದ ಬಟ್ಟೆ ಮಡಿಸುವ ನೆಪದಲ್ಲಿ ಪಕ್ಕದಲ್ಲೇ ಕೂತಳು. ನಾಲ್ಕು ಅಂಗಿ ಮಡಿಸುವಷ್ಟರಲ್ಲಿ ಎಲ್ಲ ಹೊರಬಂತು. ದೋಣಿಯ ಮೂತಿಯ ಕಡೆ ಎರಡೂ ಗೆರೆ ಒಂದರ ಮೇಲೊಂದು ಕೂತವು. ಎಡಕ್ಕೆ, ಬಲಕ್ಕೆ, ಮೂಲೆಮೂಲೆಗೂ ಹೊಂದಿದವು. ಹಿಂದುಗಡೆಗೆ ಬಂದಾಗ ಮಾತ್ರ ಕೆಟ್ಟಿತು. ಗೂಡಿನ ಹಿಂಗೋಡೆಯೂ ಡೆಕ್ಕೂ ಸೇರುವ ಮೂಲೆಯಿಂದ ಅಲ್ಲಿ ದೊಡ್ಡ ಹೊಳಪು ಬರುತ್ತದೆ ಎಂದಿತ್ತು ಲೆಕ್ಕ. ಮಗಳ ಗೆರೆ ಸೂಜಿಯ ಹಾಗೆ ನೆಟ್ಟಗೆ ಮೇಲೆದ್ದಿತ್ತು, ಇಪ್ಪತ್ತಮೂರು ಡೆಸಿಬಲ್. ಕಪ್ಪು ಕೋಣೆಯ ಗೆರೆ ಅಲ್ಲಿ ಸತ್ತ ಹಾಗೆ ಮಲಗಿತ್ತು. ಬಂದರಿನ ಅಧಿಕಾರಿ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹಿರಿಯ ಹೆಂಗಸು, ಎರಡು ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ದೋಣಿಗಳಿಗೆ ಹಡಗು ಬಡಿಯುವುದು ಹೆಚ್ಚಾಗಿ ಹಿಂದಿನಿಂದಲೇ ಅಲ್ಲವೇ ಎಂದು ಮೆಲ್ಲಗೆ ಕೇಳಿದಳಂತೆ. ಮುಖ್ಯಸ್ಥ ಶುಕ್ರವಾರದವರೆಗೆ ಸಮಯ ಕೊಟ್ಟ.

ಮಂಗಳವಾರ ಮಗಳು ಕಿರಣಗಳನ್ನು ಎರಡು ಪಟ್ಟು ಮಾಡಿ ಎಸೆದಳು. ಸೂಜಿ ಅಲ್ಲೇ ಇತ್ತು. ತ್ರಿಕೋನಗಳನ್ನು ಇನ್ನೂ ಸಣ್ಣಗೆ ಕತ್ತರಿಸಿದಳು. ಅಂಚುಗಳಿಗೆ ತಾಗಿ ಚೆದುರುವ ಅಲೆಯನ್ನೂ ಸೇರಿಸಿದಳು. ಸೂಜಿ ಒಂದು ಕೂದಲೂ ಬಗ್ಗಲಿಲ್ಲ. ಬುಧವಾರ ಮಧ್ಯಾಹ್ನ ಅವಳು ತಗಡಿನಂಗಡಿಗೆ ಬಂದು, ಕತ್ತರಿಸುವ ಮೇಜಿನ ಪಕ್ಕ ನಿಂತು, ಕಿಟಕಿಯ ಕಡೆ ನೋಡುತ್ತ ಕೇಳಿದಳು.

“ಅಮ್ಮ, ಆ ಹಿಂದಿನ ಮೂಲೆ ಇದೆಯಲ್ಲ, ಅದು ಸರಿಯಾಗಿ ತೊಂಬತ್ತೇ ಅಲ್ವಾ?”

ಅಂಗಡಿಯಲ್ಲಿ ಸುತ್ತಿಗೆಗಳು ಒಮ್ಮೆಗೇ ನಿಂತವು.

“ನೀನು ಹುಟ್ಟೋಕ್ ಮುಂಚೆಯಿಂದ ತೊಂಬತ್ತು ಮಾಡ್ತಿದೀನಿ” ಎಂದಳು ತಾಯಿ.

ಮಗಳು ತಲೆಯಾಡಿಸಿದಳು. ತಪ್ಪಾಯಿತು, ಕೇಳಬಾರದಿತ್ತು, ಎಲ್ಲ ಕಡೆ ಹುಡುಕಿಯಾಗಿತ್ತು, ಅದಕ್ಕೆ ಕೇಳಿದೆ ಎಂದು ಹೇಳಿ ಹೊರಟಳು. ಅವಳು ಬೀದಿ ದಾಟುವುದನ್ನು ತಾಯಿ ನೋಡುತ್ತ ನಿಂತಳು. ಹೆಗಲಿನ ಚೀಲ ಜಾರಿದರೂ ಅವಳು ಅದನ್ನು ಸರಿ ಮಾಡಿಕೊಳ್ಳಲಿಲ್ಲ. ಸಿಟ್ಟು ಒಂದು ಕಡೆ, ಕರುಳು ಒಂದು ಕಡೆ ಎಳೆಯಿತು. ಮಾರನೇ ದಿನ ಬೆಳಗ್ಗೆ ಮಟ್ಟದಮ್ಮ ನದಿ ದಾಟುವ ಬಸ್ಸು ಹತ್ತಿದಳು. ಮೂಲೆಗೆ ಮಟ್ಟ ಹಿಡಿದು, ಮಗಳ ಎದುರೇ ತೋರಿಸಿ, ಆ ಅನುಮಾನವನ್ನು ಒಂದೇ ಏಟಿಗೆ ತೀರಿಸಿಬಿಡಬೇಕು, ಆಮೇಲೆ ಅವಳು ನಿಶ್ಚಿಂತೆಯಿಂದ ಬೇರೆ ಕಡೆ ಹುಡುಕಲಿ ಎಂಬುದು ಅವಳ ಯೋಚನೆ.

ಮಗಳು ಇನ್ನೂ ಬಂದಿರಲಿಲ್ಲ. ಕಪ್ಪು ಕೋಣೆ ನೋಡಿಕೊಳ್ಳುವವನು, ಎಲ್ಲರೂ ಕಂಬದವನು ಎಂದು ಕರೆಯುವ ಮಿತಭಾಷಿ, ಯಾರ ತಾಯಿ ಎಂದು ಗುರುತು ಹಿಡಿದು ಒಳಗೆ ಬಿಟ್ಟ. ಕೋಣೆಯ ಗೋಡೆ, ಸೂರು, ನೆಲ, ಎಲ್ಲೆಲ್ಲೂ ಸ್ಪಂಜಿನ ಕಪ್ಪು ಮುಳ್ಳುಗಳು. ಬಂದ ಅಲೆಯನ್ನು ನುಂಗಿಹಾಕುವುದಕ್ಕಂತೆ. ಮಾತಾಡಿದರೆ ದನಿಯೂ ಬಾಯಿಂದ ಎರಡು ಮೊಳ ದಾಟದು. ನಡುವೆ ಬಿಳಿ ಕಂಬದ ಮೇಲೆ, ಗುಡ್ಡದ ಮೇಲಿಂದ ಕಂಡಂತೆ ತುಸು ಓರೆಯಾಗಿ, ಅವಳ ದೋಣಿ.

ಚಂದ ಇತ್ತು. ತನ್ನ ಕೆಲಸವನ್ನು ಅಷ್ಟು ಸ್ವಚ್ಛವಾದ ಜಾಗದಲ್ಲಿ ಅವಳು ಯಾವತ್ತೂ ನೋಡಿರಲಿಲ್ಲ. ಸೊಂಟದಿಂದ ಮಟ್ಟ ಬಿಚ್ಚಿ ಒಂದು ಪಟ್ಟಿಯನ್ನು ಹಿಂಗೋಡೆಗೆ ಒತ್ತಿದಳು. ಇನ್ನೊಂದು ಪಟ್ಟಿ ಡೆಕ್ಕಿನ ಮೇಲೆ ಕೂರಬೇಕಿತ್ತು. ಕೂರಲಿಲ್ಲ. ಮೂಲೆಯಲ್ಲಿ ತಾಗಿ, ತುದಿಗೆ ಹೋಗುತ್ತ ಹೋಗುತ್ತ ಕೆಳಗೊಂದು ಬೆಳಕಿನ ಸೀಳು ಬಿಟ್ಟಿತು.

ಮೊದಲು ಅವಳಿಗೆ ಅನುಮಾನ ಬಂದದ್ದು ಮಟ್ಟದ ಮೇಲೆ. ಬಿದ್ದು ಗಿದ್ದು ಕೆಟ್ಟಿರಬೇಕು ಎಂದು, ಕಂಬದವನ ಮೇಜಿನ ಮೇಲೆ ಕಾಗದ ಹಾಸಿ ಗೆರೆ ಎಳೆದಳು. ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆದಳು. ಎರಡೂ ಒಂದೇ ಗೆರೆ. ಮಟ್ಟ ಸರಿ ಇತ್ತು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತಳು. ಕೂತಮೇಲೆ ನೆನಪು ತಾನಾಗಿ ಬಂತು.

ಅವಳಿಗೆ ಕೆಲಸ ಕಲಿಸಿದ್ದು ಸೋದರಮಾವ. ನಕ್ಷೆ ಬರೆಯುವವರು ಛಾವಣಿಯನ್ನು ಸಪಾಟಾಗಿ ಬರೆಯುತ್ತಾರೆ, ಇಳಿಜಾರು ಬರೆಯುವುದಿಲ್ಲ, ಅದು ನಮ್ಮ ಕೈಗೆ ಬಿಟ್ಟದ್ದು ಎಂದು ಮೊದಲ ವಾರವೇ ಹೇಳಿದ್ದ. ನೀರು ನಿಂತರೆ ತಗಡು ತಿನ್ನುತ್ತದೆ. ಅದಕ್ಕೆ ಅವನ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಯಾವ ಕೆಲಸವೇ ಆಗಲಿ, ಮುಗಿದಮೇಲೆ ಒಂದು ಲೋಟ ನೀರು ಸುರಿಯಬೇಕು. ನೀರು ತಾನಾಗಿ ಹರಿದು ಹೋದರೆ ಮಾತ್ರ ಅಂಗಡಿಯ ಮುದ್ರೆ ಒತ್ತಬೇಕು. ಮೂವತ್ತಾರು ವರ್ಷದಲ್ಲಿ ಮಟ್ಟದಮ್ಮ ಆ ಲೋಟ ಸುರಿಯದೆ ಒಂದು ಕೆಲಸವನ್ನೂ ಹೊರಗೆ ಕಳಿಸಿರಲಿಲ್ಲ. ಈ ದೋಣಿಗೂ ಸುರಿದಿದ್ದಳು. ನೀರು ಡೆಕ್ಕಿನ ಮೇಲಿಂದ ಹಿಂದಕ್ಕೆ ಜಾರಿ, ಸಣ್ಣ ತೂತಿನಿಂದ ಹೊರಬಿದ್ದಿತ್ತು. ಅವಳು ಒರೆಸಿ, ಖುಷಿಪಟ್ಟು, ಮುದ್ರೆ ಒತ್ತಿದ್ದಳು. ಇಳಿಜಾರು ಕೊಡಬೇಕು ಎಂದು ಅವಳು ಯೋಚಿಸಿ ಕೊಟ್ಟದ್ದಲ್ಲ. ಉಸಿರಾಡುವುದನ್ನು ಯಾರು ಯೋಚಿಸಿ ಮಾಡುತ್ತಾರೆ?

ಕಂಬದವನ ಹತ್ತಿರ ಕೋನ ಅಳೆಯುವ ಸಣ್ಣ ಯಂತ್ರವಿತ್ತು. ಇಟ್ಟು ನೋಡಿದ. ತೊಂಬತ್ತೆರಡು. ಇಷ್ಟಕ್ಕೆ ಅಷ್ಟೆಲ್ಲ ಆಗುತ್ತಾ ಎಂದು ಅವಳು ಕೇಳಿದಾಗ, ಅಲೆ ಅಷ್ಟು ಸಣ್ಣದಾದಾಗ ಆಗುತ್ತದೆ, ಮೂಲೆಯಿಂದ ಹೊರಟದ್ದು ಬಂದ ದಾರಿ ಬಿಟ್ಟು ನಾಲ್ಕು ಡಿಗ್ರಿ ಆಚೆ ಹೋಗಿಬಿಡುತ್ತದೆ ಎಂದ. ಹೇಳಿ, ಯಾಕೋ ಮುಖ ತಿರುಗಿಸಿ, ಬೇರೆ ಏನೋ ಕೆಲಸವಿದೆ ಎಂದು ಹೊರಗೆ ಹೋದ.

ಅವಳು ಮಾದರಿಯ ಜೊತೆ ಒಬ್ಬಳೇ ಉಳಿದಳು. ಚೀಲದಲ್ಲಿ ಮರದ ಸುತ್ತಿಗೆ ಇತ್ತು. ಡೆಕ್ಕಿನ ಹಿಂತುದಿಯನ್ನು ಕೆಳಗಿಂದ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಸಾಕು, ಎರಡು ಡಿಗ್ರಿ ಮೇಲೇಳುತ್ತಿತ್ತು. ಐದು ನಿಮಿಷದ ಕೆಲಸ. ಶುಕ್ರವಾರ ಇನ್ನೊಮ್ಮೆ ಅಳೆಯಿರಿ ಎಂದು ಮಗಳು ಕೇಳುತ್ತಾಳೆ, ಸೂಜಿ ಏಳುತ್ತದೆ, ಮೊದಲ ಸಲ ಯಂತ್ರವೇ ಏನೋ ತಪ್ಪಿತ್ತು ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಮಗಳ ಲೆಕ್ಕವೂ ಉಳಿಯುತ್ತದೆ, ತಾಯಿಯ ಹೆಸರೂ ಉಳಿಯುತ್ತದೆ. ಸುತ್ತಿಗೆಯ ಹಿಡಿಗೆ ಅವಳ ಕೈ ಹೋಗಿಯೂ ಹೋಯಿತು.

ಆಗ ಬಂದರಿನ ದೋಣಿಗಳು ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟನ್ನೋ ಅವಳೇ ರಿಪೇರಿ ಮಾಡಿದ್ದಳು. ನೀರು ನಿಲ್ಲುವ ಸಪಾಟು ಡೆಕ್ಕು ಇರುವ ಒಂದು ದೋಣಿಯನ್ನೂ ಅವಳು ನೋಡಿರಲಿಲ್ಲ. ಎಲ್ಲಕ್ಕೂ ಇಳಿಜಾರಿತ್ತು. ನಕ್ಷೆಯಲ್ಲಿರುವ ದೋಣಿ ಹಿಂದಿನಿಂದ ದೀಪದ ಹಾಗೆ ಹೊಳೆಯುತ್ತದೆ, ಸರಿ. ನೀರಿನ ಮೇಲಿರುವ ದೋಣಿಗೆ ಆ ಹೊಳಪಿಲ್ಲ. ತಾನೀಗ ತಟ್ಟಿ ನೆಟ್ಟಗೆ ಮಾಡಿದರೆ, ಹಿಂದುಗಡೆ ಪ್ರತಿಫಲಕ ಬೇಡ, ಮೂಲೆಯೇ ಸಾಕು ಎಂದು ಬರೆದುಬಿಡುತ್ತಾರೆ. ಆಮೇಲೆ ಮಂಜು ಕವಿದ ಒಂದು ಬೆಳಗ್ಗೆ...

ಅವಳು ಸುತ್ತಿಗೆಯನ್ನು ಚೀಲದ ತಳಕ್ಕೆ ತಳ್ಳಿ, ಮೇಲೊಂದು ಬಟ್ಟೆ ತುರುಕಿದಳು.

ಮಗಳು ತನ್ನ ಮೇಜಿನಲ್ಲಿ ಕೂತು ಮುಖ್ಯಸ್ಥನಿಗೆ ಪತ್ರ ಬರೆಯುತ್ತಿದ್ದಳು. ಲೆಕ್ಕದಲ್ಲಿ ಇನ್ನೂ ತಿಳಿಯದ ಕೊರತೆ ಇದೆ, ಮಾದರಿಯ ಬಗ್ಗೆ ತನಗೆ ಯಾವ ಸಂಶಯವೂ ಇಲ್ಲ ಎನ್ನುವ ಪತ್ರ. ತಾಯಿ ನಿಂತಲ್ಲೇ ಎಲ್ಲ ಹೇಳಿದಳು. ಲೋಟದ ನೀರನ್ನೂ ಬಿಡಲಿಲ್ಲ. ಮಗಳ ಮುಖದಲ್ಲಿ ಮೊದಲು ಬೆಳಕು ಬಂತು, ಹಿಂದೆಯೇ ಅದು ಆರಿತು. ಎದ್ದು ಬಾಗಿಲು ಹಾಕಿ ಬಂದಳು.

“ಯಾರಿಗೂ ಹೇಳಬೇಡ ಅಮ್ಮ. ನಾನೇ ಏನಾದ್ರೂ ದಾರಿ ಹುಡುಕ್ತೀನಿ. ನಿನ್ನ ಹೆಸರು ಹಾಳು ಮಾಡ್ಕೊಂಡು ನನ್ನ ಲೆಕ್ಕ ಉಳೀಬೇಕಾ?”

“ಹೆಸರು ಬಂದಿದ್ದು ಯಾತರಿಂದ?” ಎಂದಳು ತಾಯಿ. “ಸೊಟ್ಟ ಇದ್ದಿದ್ದನ್ನ ಸೊಟ್ಟ ಅಂದಿದ್ದಕ್ಕೆ. ನಂದು ಅಂತ ಬಿಟ್ಬಿಡ್ಲಾ?”

ಶುಕ್ರವಾರದ ಸಭೆಗೆ ಅವಳು ಮಗಳ ಜೊತೆಯೇ ಹೋದಳು. ಉದ್ದ ಮೇಜು, ಗಾಜಿನ ಲೋಟಗಳು, ಗೋಡೆಯ ಮೇಲೆ ಎರಡು ಗೆರೆಗಳ ಚಿತ್ರ. ಮಟ್ಟವನ್ನು ಮೇಜಿನ ಮೇಲಿಟ್ಟು, ನಕ್ಷೆಯಲ್ಲಿ ಇಲ್ಲದ ಇಳಿಜಾರನ್ನು ತಾನು ಕೊಟ್ಟೆ, ಕೇಳದೆ ಕೊಟ್ಟೆ, ಕೈ ಅಭ್ಯಾಸದಿಂದ ಕೊಟ್ಟೆ, ಆ ಮಟ್ಟಿಗೆ ತಪ್ಪು ತನ್ನದು ಎಂದಳು. ದನಿ ನಡುಗಲಿಲ್ಲ. ಬಂದರಿನ ಅಧಿಕಾರಿ ಕನ್ನಡಕ ಏರಿಸಿ, ನಮ್ಮ ದೋಣಿಗಳಿಗೆ ಈ ಇಳಿಜಾರು ಇದೆಯೋ ಇಲ್ಲವೋ ಎಂದು ಕೇಳಿದಳು.

“ಇದೆ. ನೀರು ನಿಲ್ಲೋ ದೋಣೀನ ಯಾರೂ ಕೊಂಡ್ಕೊಳ್ಳಲ್ಲ ಮೇಡಂ. ನೀವು ಕೊಟ್ಟ ಕಾಗದದಲ್ಲಿ ಮಾತ್ರ ಇಲ್ಲ.”

ಅಧಿಕಾರಿ ಏನನ್ನೋ ಬರೆದುಕೊಂಡಳು. ಬಹಳ ಹೊತ್ತು ಬರೆದುಕೊಂಡಳು. ಹಿಂದುಗಡೆಯೂ ಪ್ರತಿಫಲಕ ಬೇಕು ಎಂಬುದು ಆ ಬರಹದಲ್ಲೇ ತೀರ್ಮಾನವಾಯಿತು.

ಮಗಳು ಕಂಪ್ಯೂಟರಿನ ದೋಣಿಯ ಡೆಕ್ಕನ್ನು ಎರಡು ಡಿಗ್ರಿ ಇಳಿಸಿ ಲೆಕ್ಕ ಓಡಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಚಹಾ ಬಂತು, ಆರಿತು. ಕೊನೆಗೆ ಗೆರೆ ಬಂದಾಗ ಸೂಜಿ ಇರಲಿಲ್ಲ, ಹಿಂಭಾಗ ಕಪ್ಪು ಕೋಣೆಯ ಗೆರೆಯ ಮೇಲೆಯೇ ಬಿದ್ದುಕೊಂಡಿತ್ತು. ತಾಯಿ ಉಸಿರು ಬಿಟ್ಟಳು. ಆದರೆ ಮುಖ್ಯಸ್ಥ ತಲೆಯಾಡಿಸಿದ. ಕೆಟ್ಟ ಮನುಷ್ಯನಲ್ಲ, ತನ್ನ ಕ್ರಮಕ್ಕೆ ಅಂಟಿಕೊಂಡವನು. ಉತ್ತರ ನೋಡಿದ ಮೇಲೆ ಹಾಕಿದ ಲೆಕ್ಕವನ್ನು ನಾನು ನಂಬಿದರೂ ಅದು ಪರೀಕ್ಷೆ ಅಲ್ಲ ಎಂದ. ಲಕೋಟೆಯಲ್ಲಿ ಇದ್ದದ್ದು ಸಪಾಟು ಡೆಕ್ಕಿನ ಲೆಕ್ಕ. ಹಾಗಾದರೆ ಸಪಾಟು ಡೆಕ್ಕು ತನ್ನಿ. ಅದನ್ನು ಅಳೆಯೋಣ. ಲಕೋಟೆಯಲ್ಲಿ ಹೇಳಿದ ಸೂಜಿ ಹೇಳಿದಷ್ಟೇ ಎತ್ತರಕ್ಕೆ ಎದ್ದರೆ ಕೆಲಸ ನಿಮ್ಮದು.

ಮಾಡುವವರು ಯಾರು ಎಂದು ಮುಖ್ಯಸ್ಥ ಕೇಳಲಿಲ್ಲ. ಮಟ್ಟವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ.

ಹತ್ತು ದಿನ. ಡೆಕ್ಕನ್ನು ಮಾತ್ರ ಬದಲಿಸಬೇಕಿತ್ತು, ನೀರು ಕುಡಿದಷ್ಟು ಸುಲಭದ ಕೆಲಸ ಎಂದು ಅಂಗಡಿಯವರೆಲ್ಲ ಅಂದುಕೊಂಡರು. ಆದರೆ ಮಟ್ಟದಮ್ಮನ ಕೈ ಒಪ್ಪಲಿಲ್ಲ. ಮೊದಲ ತಗಡು ಅರ್ಧ ಡಿಗ್ರಿ ಇಳಿದು ಕೂತಿತು. ಬಿಚ್ಚಿದಳು. ಎರಡನೆಯದನ್ನು ಹಲ್ಲು ಕಚ್ಚಿ ಕೂರಿಸಿದಳು, ಬೆಸುಗೆ ಆರುವಷ್ಟರಲ್ಲಿ ಅದೂ ಕಾಲು ಡಿಗ್ರಿ ಹಿಂದಕ್ಕೆ ವಾಲಿತ್ತು. ತಾನು ಒತ್ತಿದ್ದು ತನಗೇ ಗೊತ್ತಾಗಿರಲಿಲ್ಲ. ಗಂಡ ಮಧ್ಯಾಹ್ನದ ಊಟದ ಡಬ್ಬಿ ತಂದವನು ಅದನ್ನು ನೋಡಿ, ಮೂವತ್ತೈದು ವರ್ಷ ನನ್ನನ್ನ ನೆಟ್ಟಗೆ ಮಾಡೋಕ್ ನೋಡಿದೆ, ಈಗ ನಿನ್ನ ಕೈನ ನೀನೇ ನೆಟ್ಟಗೆ ಮಾಡು ಎಂದು ಕಾಲೆಳೆದ. ಅವಳು ನಗಲಿಲ್ಲ. ಡಬ್ಬಿ ಮುಟ್ಟಲೂ ಇಲ್ಲ.

ಮೂರನೆಯ ಸಲ ಅವಳು ಕೆಲಸದ ಕ್ರಮವನ್ನೇ ತಿರುಗಿಸಿದಳು. ದೋಣಿಯನ್ನು ಬೋರಲು ಹಾಕಿ, ಡೆಕ್ಕನ್ನು ಕಲ್ಲಿನ ಹಾಸಿನ ಮೇಲೆ ಬಿಗಿದು, ಗೋಡೆಯನ್ನು ಅದಕ್ಕೆ ತಂದು ಕೂಡಿಸಿದಳು. ತಲೆಕೆಳಗಾದ ದೋಣಿಯಲ್ಲಿ ನೀರು ಎತ್ತ ಹರಿಯಬೇಕೆಂದು ಕೈಗೆ ತಿಳಿಯಲಿಲ್ಲ. ಆಗ ಅದು ಹೇಳಿದ ಮಾತು ಕೇಳಿತು. ಬೆಸುಗೆ ಪೂರ್ತಿ ಆರುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ಮಟ್ಟ ಹಿಡಿದಳು. ಬೆಳಕಿನ ಸೀಳು ಇಲ್ಲ. ತಿರುಗಿಸಿ ಹಿಡಿದಳು, ಇಲ್ಲ. ಕೆಲಸಗಾರರಲ್ಲಿ ಹಿರಿಯವನು ಅಭ್ಯಾಸದಂತೆ ಲೋಟ ತುಂಬಿಕೊಂಡು ಬಂದಾಗ ಅವಳು ಕೈ ಅಡ್ಡ ಹಿಡಿದಳು. ಮುದ್ರೆ ಒತ್ತದೆ ಅಂಗಡಿಯಿಂದ ಹೊರಟ ಮೊದಲ ಕೆಲಸ ಅದು.

ಅಳತೆಯ ದಿನ ಪಕ್ಕದ ಕೋಣೆಯಲ್ಲಿ ಎಲ್ಲರೂ ಪರದೆಯ ಮುಂದೆ ಕೂತರು. ಮಗಳು ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಮುಖ್ಯಸ್ಥ ಲಕೋಟೆಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಎರಡು ಲೋಟ ಇಟ್ಟ. ಒಳಗೆ ದೋಣಿ ಒಂದೊಂದೇ ಡಿಗ್ರಿ ತಿರುಗಿತು. ಮೂತಿ ಹೊಂದಿತು, ಎಡಮಗ್ಗುಲು ಹೊಂದಿತು. ನೂರ ಅರವತ್ತಕ್ಕೆ ಬಂದಾಗ ಗೆರೆ ಕೆಳಗೇ ಇತ್ತು. ನೂರ ಎಪ್ಪತ್ತು, ಕೆಳಗೇ. ನೂರ ಎಪ್ಪತ್ತೆಂಟಕ್ಕೂ ಅಲ್ಲೇ ಇತ್ತು. ತಾಯಿಗೆ ತನ್ನ ಮೂರು ತಗಡುಗಳೂ ನೆನಪಾಗಿ, ಕೊನೆಯ ಬೆಸುಗೆ ರಾತ್ರಿ ತಣ್ಣಗಾಗುತ್ತ ಎಳೆದುಬಿಟ್ಟಿತೋ ಏನೋ ಎಂದು ಭಯವಾಯಿತು. ಅವಳು ಮಗಳ ಕಡೆ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ.

ನೂರ ಎಂಬತ್ತರಲ್ಲಿ ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು.

“ಬಂತು” ಎಂದ ಕಂಬದವನು.

ಮುಖ್ಯಸ್ಥ ಬಗ್ಗಿ ಹಾಳೆ ನೋಡಿದ, ಪರದೆ ನೋಡಿದ, ಮತ್ತೆ ಹಾಳೆ ನೋಡಿದ. ಇಪ್ಪತ್ತಮೂರು ಎಂದು ಬರೆದಿತ್ತು. ಪರದೆಯಲ್ಲಿ ಇಪ್ಪತ್ತೆರಡು ಮುಕ್ಕಾಲು. ಆ ಕಾಲು ನನ್ನ ಬೆಸುಗೆಯದ್ದಿರಬೇಕು ಎಂದು ತಾಯಿ ಹೇಳಲು ಹೊರಟಳು, ಅಷ್ಟರಲ್ಲಿ ಮುಖ್ಯಸ್ಥ ಎದ್ದು ಮಗಳ ಕೈ ಕುಲುಕಿಯಾಗಿತ್ತು. ಹನ್ನೊಂದು ನಮೂನೆಯೂ ನಿಮ್ಮದೇ, ಮುಂದಿನ ವಾರ ಶುರು ಮಾಡಿ ಎಂದ. ಬಂದರಿನ ಅಧಿಕಾರಿ ಮಾತ್ರ ಮೊದಲು ತಾಯಿಯ ಹತ್ತಿರ ಬಂದಳು. ಇನ್ನು ಹತ್ತು ನಮೂನೆಯ ಡೆಕ್ಕು ಎಷ್ಟೆಷ್ಟು ಇಳಿಜಾರಿದೆ ಎಂದು ದೋಣಿಕಟ್ಟೆಗೆ ಹೋಗಿ ಅಳೆದು ಬರಲು ಒಬ್ಬರು ಬೇಕು, ಕಾಗದವನ್ನು ಇನ್ನು ನಂಬುವ ಹಾಗಿಲ್ಲ, ನೀವೇ ಬರುತ್ತೀರಾ ಎಂದಳು. ಅಳೆದದ್ದನ್ನು ಮಗಳ ತ್ರಿಕೋನಗಳಿಗೆ ಕೊಡಬೇಕು. ಈ ಸಲ ಊಟದ ಮೇಜಿನ ಮೇಲೆ ಮಾತಾಡಬಹುದೇ ಎಂದು ತಾಯಿ ಮುಖ್ಯಸ್ಥನನ್ನು ಕೇಳಿದಳು. ಅವನು ನಕ್ಕದ್ದನ್ನು ಅವತ್ತೇ ಎಲ್ಲರೂ ಮೊದಲು ನೋಡಿದ್ದು.

ಮಗಳು ಕೊನೆಗೆ ಹತ್ತಿರ ಬಂದಾಗ ಅವಳ ಕಣ್ಣು ತುಂಬಿತ್ತು. ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಹೆಗಲಿನ ಚೀಲದ ಪಟ್ಟಿ ಸರಿ ಮಾಡಿ, ಊಟ ಮಾಡಿದ್ದೀಯೋ ಇಲ್ಲವೋ ಎಂದು ಕೇಳಿದಳು.

ಹಿಂದಿರುಗುವ ಬಸ್ಸಿನಲ್ಲಿ ಮಟ್ಟದಮ್ಮ ಒಬ್ಬಳೇ ಇದ್ದಳು, ಮಗಳಿಗೆ ಇನ್ನೂ ಕೆಲಸವಿತ್ತು. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಅಪರಿಚಿತ ಹೆಂಗಸು. ಬಸ್ಸು ಸೇತುವೆ ಹತ್ತುವ ತನಕ ಮಟ್ಟದಮ್ಮ ತಡೆದುಕೊಂಡಳು. ತನ್ನ ಕೆಲಸದ ಬಗ್ಗೆಯಾಗಲಿ ಮಗಳ ಬಗ್ಗೆಯಾಗಲಿ ಹೊರಗಿನವರ ಮುಂದೆ ಹೇಳಿಕೊಂಡು ಅಭ್ಯಾಸವಿಲ್ಲದವಳು. ಸೇತುವೆಯ ನಡುಮಧ್ಯೆ ತಡೆಯಲಾಗಲಿಲ್ಲ. ನನ್ನ ಮಗಳು ಏನು ಮಾಡಿದಳು ಗೊತ್ತಾ ಎಂದು ಶುರು ಮಾಡಿದಳು. ಕತ್ತಲೆ ಕೋಣೆ, ಚೆಂಡು, ತ್ರಿಕೋನ, ಲಕೋಟೆ, ಯಾವುದನ್ನೂ ಬಿಡಲಿಲ್ಲ. ಆ ಹೆಂಗಸಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಹಾಗಾದರೆ ತಪ್ಪು ಮಾಡಿದ್ದು ಯಾರು ಎಂದು ನಡುವೆ ಕೇಳಿದಳು.

“ನಾನೇ ಕಣ್ರೀ” ಎಂದಳು ಮಟ್ಟದಮ್ಮ, ಬೆನ್ನು ನೆಟ್ಟಗೆ ಮಾಡಿ ಕೂರುತ್ತ. “ಬರೀ ಎರಡು ಡಿಗ್ರಿ. ಅದನ್ನೂ ಅವಳ ಲೆಕ್ಕ ಕಂಡುಹಿಡೀತು.”

ಆ ಹೆಂಗಸು ಇಳಿಯುವ ನಿಲ್ದಾಣ ಬಂತು, ಹೋಯಿತು. ಅವಳು ಇಳಿಯಲಿಲ್ಲ. ಆಮೇಲೇನಾಯಿತು ಎಂದಳು.